ನೂರು ವ್ಯಾಟಿನ ಕಾವು

ನೂರು ವ್ಯಾಟ್ ಸಾಕಾದೀತೇ?

ಸಾಕು ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಲೆಕ್ಕಕ್ಕೆ ಚಳಿಯಾಗುವುದಿಲ್ಲ, ವಿದ್ಯಾವತಿಗೆ ಆಗುತ್ತದೆ. ನೂರೈವತ್ತಕ್ಕೆ ಏರಿಸಿದರೆ? ಏರಿಸಿದರೆ ಬ್ಯಾಟರಿ ಬೆಳಗಾಗುವ ಮೊದಲೇ ಕೈಚೆಲ್ಲಿ ಕೂರುತ್ತದೆ. ಎಲ್ಲೋ ಹಿಮಾಚಲದ ಒಂದು ತಿರುವಿನಲ್ಲಿ, ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ, ಅವಳು ನಡುಗುತ್ತ ಕಣ್ಣು ಬಿಟ್ಟು ಗಂಡನ ಕಡೆ ಒಂದು ಸಲ ನೋಡುತ್ತಾಳೆ. ಏನೂ ಅನ್ನುವುದಿಲ್ಲ, ನೋಡುತ್ತಾಳೆ ಅಷ್ಟೇ. ಆ ನೋಟವನ್ನು ತಡೆಯಲು ಎಷ್ಟು ವ್ಯಾಟ್ ಬೇಕು ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಬೆಳಗಿನ ಆರು ಗಂಟೆಗೆ ಕಲ್ಮೇಶ ತನ್ನ ಗಾಡಿಯೊಳಗಿನ ಹಾಸಿಗೆಯ ಮೇಲೆ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು, ಕಾಲೇಜಿನ ಪ್ರಯೋಗಾಲಯದಿಂದ ತಂದ ಉಷ್ಣಮಾಪಕವನ್ನು ಕೈಯಲ್ಲಿ ಹಿಡಿದು ಕೂತಿದ್ದ. ಹನ್ನೊಂದು ಡಿಗ್ರಿ. ಡಿಸೆಂಬರಿನ ಕೊನೆಯ ವಾರದಲ್ಲಿ ಸಿಂದಗಿಯ ಬೆಳಗು ಹೀಗೆಯೇ ಇರುತ್ತದೆ. ಗಾಳಿ ಬಯಲಿನಿಂದ ಹೊರಟರೆ ಮನುಷ್ಯನ ಮೊಣಕಾಲಿಗೇ ಬಂದು ನಿಲ್ಲುವುದು.

ಪಿಯು ಕಾಲೇಜಿನಲ್ಲಿ ಕಲ್ಮೇಶ ಭೌತಶಾಸ್ತ್ರದ ಉಪನ್ಯಾಸಕ. ಇಪ್ಪತ್ನಾಲ್ಕು ವರ್ಷ 'ಉಷ್ಣ' ಎಂಬ ಪಾಠವನ್ನು ಹೇಳಿದ್ದನೇ ಹೊರತು ಸ್ವಂತ ಕೈಯಿಂದ ಏನನ್ನೂ ಬಿಸಿ ಮಾಡಿದವನಲ್ಲ. ಮನೆಯಲ್ಲಿ ಚಹಾ ಕಾಯುವುದೂ ವಿದ್ಯಾವತಿಯ ಕೈಯಲ್ಲೇ. ಹಾಗಿದ್ದವನು ಎರಡು ವರ್ಷದ ಹಿಂದೆ ಮುದ್ದೇಬಿಹಾಳದ ಕಡೆಯ ಒಂದು ಶಾಲೆಯವರು ಮಾರಿದ ಹಳದಿ ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿದ. ಮಕ್ಕಳ ಸೀಟು ಕಿತ್ತು ಮಂಚ ಹಾಕಿಸಿದ. ಮೂಲೆಗೆ ಒಲೆ, ಪಕ್ಕಕ್ಕೆ ನೀರಿನ ತೊಟ್ಟಿ, ಕೆಳಗೆ ಬ್ಯಾಟರಿ, ಮೇಲೆ ಸೋಲಾರ್ ಹಲಗೆ. ಭಾನುವಾರಗಳೆಲ್ಲ ಅದರೊಳಗೇ ಕಳೆದವು.

"ಏನ್ ಮಾಡಾಕತ್ತೀರಿ ಮಾಸ್ತರ?" ಎಂದು ಓಣಿಯವರು ಕೇಳಿದಾಗಲೆಲ್ಲ ಅವನು "ಸುಮ್ನರೀ" ಅನ್ನುತ್ತಿದ್ದ. ನಮ್ಮ ಕಡೆ ಒಬ್ಬ ಮನುಷ್ಯ ಸುಮ್ಮನೆ ಏನನ್ನಾದರೂ ಮಾಡುತ್ತಾನೆಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಓಣಿಯೇ ಉತ್ತರಗಳನ್ನು ಹುಡುಕಿಕೊಂಡಿತು. ತಿರುಗುವ ಖಾನಾವಳಿ ಅಂದರು ಕೆಲವರು. ಚುನಾವಣೆಗೆ ನಿಲ್ಲುತ್ತಾನೆ, ಪ್ರಚಾರದ ಗಾಡಿ ಅಂದರು ಇನ್ನು ಕೆಲವರು. ಹೆಂಡತಿಯೊಂದಿಗೆ ಸರಿಯಿಲ್ಲ, ಬೇರೆ ಇರಲಿಕ್ಕೆ ಮಾಡಿಕೊಂಡಿದ್ದಾನೆ ಎಂದವರೂ ಇದ್ದರು. ಆ ಮಾತನ್ನು ಓಣಿಯ ಹೆಂಗಸರು ಬಹಳ ದಿನ ಆರಲು ಬಿಡಲಿಲ್ಲ.

ನಿಜವನ್ನು ಅವನು ವಿದ್ಯಾವತಿಗೂ ಹೇಳಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಾದ ಎರಡನೆಯ ತಿಂಗಳು, ಬಸವನ ಬಾಗೇವಾಡಿಯ ಬಸ್‌ ನಿಲ್ದಾಣದ ಹತ್ತಿರ ಒಂದು ಸೋಡಾ ಅಂಗಡಿಗೆ ಮಂಜುಗಡ್ಡೆ ಇಳಿಸುತ್ತಿದ್ದರು. ಹೊಟ್ಟು ಮೆತ್ತಿದ ಆ ಗಡ್ಡೆಯ ಮೇಲೆ ವಿದ್ಯಾವತಿ ಅಂಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. "ಎಲ್ಲೋ ಇದು ಮುಗಲಿಂದ ಬೀಳ್ತದಂತಲ್ರೀ, ಹತ್ತಿ ಬಿದ್ದಂಗ. ಒಮ್ಮೆ ನೋಡಬೇಕು ನೋಡ್ರಿ" ಅಂದಳು. ಕಲ್ಮೇಶ "ಹೂಂ" ಅಂದ. ಬಸ್ಸು ಬಂತು. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಸರ್ಕಾರಿ ದವಾಖಾನೆಯ ನರ್ಸಾಗಿ, ಊರವರ ಬಾಯಲ್ಲಿ 'ಬಾಯಾರು' ಆಗಿ, ಅರ್ಧ ತಾಲೂಕಿನ ಕೂಸುಗಳನ್ನು ಕೈಯಲ್ಲಿ ಹಿಡಿದಳು, ರಜೆ ಎಂಬುದನ್ನು ಮರೆತಳು. ಕಲ್ಮೇಶನ ಆ ಒಂದು 'ಹೂಂ' ಮಾತ್ರ ಗಂಟಲಿನಲ್ಲಿ ಇಳಿಯದ ಗುಳಿಗೆಯ ಹಾಗೆ ಇಪ್ಪತ್ತಾರು ವರ್ಷ ಅಲ್ಲೇ ಕೂತಿತ್ತು.

ತೊಡಕು ಒಂದೇ. ಹಿಮ ನೋಡುವ ಆಸೆ ಇದ್ದ ಮೈಗೇ ಥಂಡಿ ಒಗ್ಗುತ್ತಿರಲಿಲ್ಲ. ದೀಪಾವಳಿಗೆ ಹಾಕಿದ ಸ್ವೆಟರನ್ನು ವಿದ್ಯಾವತಿ ಶಿವರಾತ್ರಿಗೆ ತೆಗೆಯುವಳು. ಗಾಡಿ ಬೆಚ್ಚಗಿದ್ದರೆ ಮಾತ್ರ ಈ ಪ್ರಯಾಣ. ಇಲ್ಲದಿದ್ದರೆ ಅವಳು ಸೊಲ್ಲಾಪುರ ದಾಟುವುದರೊಳಗೇ "ತಿರುಗಸ್ರಿ" ಅಂದಾಳು.

ಹೊರಡುವುದು ನಾಳೆ ಬೆಳಿಗ್ಗೆ. ಕಾಲೇಜಿಗೆ ಇವನು ರಜೆ ಹಾಕಿದ್ದ. ದವಾಖಾನೆಯ ದೊಡ್ಡ ಡಾಕ್ಟರನ್ನು ಕಂಡು ಅವಳ ರಜೆಗೂ ಗುಟ್ಟಾಗಿ ಮಾತಾಡಿದ್ದ. ಇವತ್ತು ಸಂಜೆ ಅವಳು ಡ್ಯೂಟಿಯಿಂದ ಬರುತ್ತಲೇ ಬೆಚ್ಚಗಿನ ಗಾಡಿಯೊಳಗೆ ಕೂರಿಸಿ ಹೇಳಬೇಕು. ಮಾತು ಸಿದ್ಧವಾಗಿತ್ತು: 'ವಿದ್ಯಾ, ನಾಳೆ ನಾವು ಹಿಮ ನೋಡಾಕ ಹೋಗೂಣು.' ಆರೇ ಪದ. ಎರಡು ತಿಂಗಳಿಂದ ಅಭ್ಯಾಸ ಮಾಡಿದ್ದ.

ಒಂಬತ್ತಕ್ಕೆ ಅಫ್ತಾಬ ಬಂದ. ಮೋರಟಗಿ ರಸ್ತೆಯಲ್ಲಿ ಅವನದು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರುಗಳ ನಡುವೆ ಬದುಕಿದವನಾದ್ದರಿಂದ ಯಾವುದಕ್ಕೂ ಗಾಬರಿಯಾಗುತ್ತಿರಲಿಲ್ಲ. ಎರಡು ದಪ್ಪ ಬಟ್ಟೆಗಳ ನಡುವೆ ಬಿಸಿಯಾಗುವ ತಂತಿಯನ್ನು ಹಾವಿನ ಹಾಗೆ ಹರಿಯಿಸಿ ಹೊಲಿದ ಒಂದು ಹಾಸನ್ನು ಸುತ್ತಿ ತಂದಿದ್ದ.

"ಇದು ಅರವತ್ತು ವ್ಯಾಟ್ ಸರ, ಗಾದಿ ಕೆಳಗ. ಗ್ವಾಡಿಗೆ ಇನ್ನೊಂದು ನಲವತ್ತರದು. ಗಾಳಿ ಕಾಸಾಕ ಹೋಗಬಾರ್ದು ಸರ, ಮನುಷ್ಯಾನ್ನ ಕಾಸಬೇಕು. ಗಾಳಿ ಕಿಡಕ್ಯಾಗ ಹಾದು ಹೋಗ್ತದ. ಮನುಷ್ಯಾ ಎಲ್ಲಿ ಹೋಗ್ತಾನ?"

ಇಪ್ಪತ್ನಾಲ್ಕು ವರ್ಷದ ತನ್ನ ಪಾಠವನ್ನು ಯಾರೋ ನಾಲ್ಕು ಮಾತಿನಲ್ಲಿ ಮುಗಿಸಿದಂತಾಯಿತು ಕಲ್ಮೇಶನಿಗೆ.

"ಹೆಚ್ಚ ಬಿಸಿ ಆದ್ರ?"

"ಮೊಟ್ಟಿ ಮರಿ ಮಾಡೋ ಮಷಿನ್ದು ಥರ್ಮೋಸ್ಟ್ಯಾಟ್ ಹಾಕಾಕತ್ತೇನಿ. ಇಪ್ಪತ್ತಾರು ಡಿಗ್ರಿಗೆ ತಾನ ಬಂದ್ ಆಗ್ತದ. ಮರೀಗೆ ಭರೋಸಾ ಇದ್ದದ್ದು ನಿಮಗ್ಯಾಕಿಲ್ಲ?"

ಅಷ್ಟರಲ್ಲಿ ಬಾಗಿಲಲ್ಲಿ ಒಂದು ತಲೆ ಕಾಣಿಸಿತು. ಪಕ್ಕದ ಮನೆಯ ಚಂದಪ್ಪ. ಲೈನ್‌ಮನ್ ಆಗಿದ್ದು ನಿವೃತ್ತನಾಗಿ ಎಂಟು ವರ್ಷವಾದರೂ ಕಂಬ ಕಂಡಲ್ಲಿ ಕತ್ತೆತ್ತಿ ತಂತಿ ಎಣಿಸುವ ಚಾಳಿ ಹೋಗಿರಲಿಲ್ಲ.

"ಎಷ್ಟು ವ್ಯಾಟ್ ಅಂದಿ?"

"ನೂರು, ಕಾಕಾ."

ಚಂದಪ್ಪ ನಕ್ಕ ನಗೆಗೆ ಗಾಡಿ ಒಂದಿಷ್ಟು ಅಲುಗಿತು. "ನೂರು! ಮೂವತ್ತೈದು ವರ್ಷ ಕಂಬಾ ಹತ್ತೇನಿ ನಾನು. ಹನ್ನೊಂದು ಸಾವಿರ ವೋಲ್ಟ್ ಕಣ್ಣ ಮುಂದ ಕಂಡಾಂವ. ನೂರು ವ್ಯಾಟಿನ್ಯಾಗ ನೊಣದ ರೆಕ್ಕಿನೂ ಕಾಯೂದಿಲ್ಲ ಮಾಸ್ತರ. ಎರಡು ಸಾವಿರ ಬೇಕು."

"ಹೂಂ" ಅಂದ ಕಲ್ಮೇಶ. ಬೇಡ ಎಂಬ ಅರ್ಥದಲ್ಲಿ ಅಂದದ್ದು. ಆದರೆ ಆ ಶಬ್ದವನ್ನು ಒಪ್ಪಿಗೆ ಎಂದು ತಿಳಿಯುವವರೇ ಲೋಕದಲ್ಲಿ ಹೆಚ್ಚು.

ಹತ್ತೂವರೆಗೆ ಎದುರುಮನೆಯ ಚನ್ನವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ. ಗಾಡಿಯ ತಗಡಿನ ಗೋಡೆಗೆ ಅಂಗೈ ಹಚ್ಚಿ, ಜ್ವರ ಬಂದ ಮೊಮ್ಮಗನ ಹಣೆ ಮುಟ್ಟಿದವಳಂತೆ ಮುಖ ಗಂಟಿಕ್ಕಿದಳು.

"ತಮ್ಮಾ, ನೀ ಒಳಗ ಎಷ್ಟ ಕಾಸಿದ್ರೂ ತಗಡ ಅದನ್ನ ಹೊರಗ ಉಗುಳ್ತದೋ. ಕೌದಿ ಕಟ್ಟಬೇಕು."

"ಹೌದು ಸರ, ಅವ್ವ ಬರೋಬ್ಬರಿ ಹೇಳಾಕತ್ತಾಳ" ಎಂದು ಅಫ್ತಾಬ ಒಳಗಿನಿಂದಲೇ ಕೂಗಿದ.

ಅದು ಸರಿಯಾದ ಮಾತೇ. ಆದರೆ ಚನ್ನವ್ವನಿಗೆ ಸರಿಯಾದದ್ದನ್ನು ಅರ್ಧಕ್ಕೆ ನಿಲ್ಲಿಸಿ ಗೊತ್ತಿರಲಿಲ್ಲ. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ತನ್ನ ಕೌದಿ ಮೂರು ತಂದಳು. ಓಣಿಯ ಮನೆಮನೆಗೂ ಹೋಗಿ ಆರು ಎತ್ತಿಸಿದಳು. ಒಂದು ತಾಸಿನಲ್ಲಿ ಕಿಟಕಿ, ಚಾವಣಿ, ಹಿಂಬಾಗಿಲು ಎಲ್ಲ ಮುಚ್ಚಿಹೋಗಿ, ಶಾಲೆಯ ವ್ಯಾನು ಒಳಗಿನಿಂದ ಒಂದು ದೊಡ್ಡ ಸಂತೆಚೀಲವಾಯಿತು. ಕಲ್ಮೇಶ ನಿಂತಲ್ಲಿ ಯಾರದೋ ಮದುವೆಯ ಸೀರೆಯ ಅಂಚು ಅವನ ಮೂಗಿಗೆ ತಾಗುತ್ತಿತ್ತು. "ಹೊಂಡೂದು ಯಾವಾಗರ ಇರಲಿ, ಕೌದಿ ಇಲ್ಲೇ ಇರಲಿ" ಅಂದಳು ಚನ್ನವ್ವ. ಎಲ್ಲಿಗೆ ಎಂದು ಕೇಳಿಯೂ ನೋಡಿದಳು. ಉತ್ತರ ಬರದಿದ್ದಾಗ, "ಹೆಂಡ್ತಿ ಬಿಟ್ಟು ಹೋಗಬ್ಯಾಡ ತಮ್ಮಾ, ಆಕಿ ಬಂಗಾರದಂಥಾಕಿ" ಎಂದು ಬೆನ್ನು ಸವರಿ ಹೋದಳು.

ಹಾಸಿಗೆಯ ಕಾವನ್ನು ಮೊದಲು ಕಂಡುಹಿಡಿದದ್ದು ಶೇವಂತೆವ್ವ. ಓಣಿಯ ಕೊನೆಯ ತಗಡಿನ ಮನೆಯವಳು, ಎರಡು ಎಮ್ಮೆ ಕಟ್ಟಿದವಳು. ಅವಳ ಮಗಳು ಮಾಲಾ ತಂಗಡಗಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹೆತ್ತು, ಒಂದು ವಾರದಿಂದ ದವಾಖಾನೆಯಲ್ಲಿದ್ದಳು. ಶೇವಂತೆವ್ವ ಊಟದ ಡಬ್ಬಿ ಹಿಡಿದು ದಿನಕ್ಕೆ ಮೂರು ಸಲ ಓಡಾಡುತ್ತಿದ್ದಳು. ಆ ಓಡಾಟದ ನಡುವೆ ಗಾಡಿಯೊಳಗೆ ಇಣುಕಿ, ಹಾಸಿಗೆಯ ಮೇಲೆ ಕೈಯಾಡಿಸಿ, ನೆಟ್ಟಗೆ ಮನೆಗೆ ಹೋಗಿ ಹಾಲಿನ ಗಡಿಗೆ ತಂದಿಟ್ಟಳು.

"ಥಂಡ್ಯಾಗ ಹೆಪ್ಪ ಹಿಡಿವಲ್ದರೀ ಮಾಸ್ತರ. ನಾಕ ದಿನಾ ಆತು, ಹಾಲು ಹಾಲಾಗೇ ಕುಂತೈತಿ. ಸಂಜಿತನಕ ಇರಲಿ. ಅಲುಗಸಬ್ಯಾಡ್ರಿ ಮತ್ತ."

ಅಲುಗಾಡದಿರಲು ಹುಟ್ಟಿದ್ದಲ್ಲ ಆ ಗಾಡಿ ಎಂದು ಕಲ್ಮೇಶನ ಮನಸ್ಸು ಹೇಳಿತು. ಬಾಯಿ "ಆತ್ರಿ" ಅಂದಿತು. ಅರ್ಧ ತಾಸಿನಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿತು. ಮೊಳಕೆ ಬರಲೆಂದು ಬಟ್ಟೆಯಲ್ಲಿ ಕಟ್ಟಿದ ಮಡಕಿ ಕಾಳಿನ ನಾಲ್ಕು ಗಂಟು ಬಂದವು. ಉಬ್ಬದೆ ಕೂತ ದೋಸೆ ಹಿಟ್ಟಿನ ಎರಡು ಪಾತ್ರೆ ಬಂದವು. ಹಿಮಾಚಲಕ್ಕೆ ಹೊರಡಬೇಕಿದ್ದ ಮಂಚದ ಮೇಲೆ ಈಗ ಒಬ್ಬ ಮನುಷ್ಯ ಕೂರುವಷ್ಟೂ ಜಾಗ ಉಳಿಯಲಿಲ್ಲ.

ಹನ್ನೆರಡಕ್ಕೆ ಕಲ್ಮೇಶ ಒಂದು ಸ್ವಿಚ್ಚು ತರಲು ಬಜಾರಿಗೆ ಹೋದ. ಅಫ್ತಾಬ ನಮಾಜಿಗೆ ಹೋದ. ಆ ಸಮಯಕ್ಕಾಗಿಯೇ ಕಾದಿದ್ದ ಚಂದಪ್ಪ ತನ್ನ ಮನೆಯಿಂದ ಎರಡು ಸಾವಿರ ವ್ಯಾಟಿನ ಸುರುಳಿಯ ಹೀಟರ್ ಹೊತ್ತು ತಂದ. ಕಲ್ಮೇಶನ ಮನೆಯ ಪ್ಲಗ್ಗಿನಿಂದ ತೆಳ್ಳಗಿನ ಒಂದು ವೈರ್ ಎಳೆದು ಗಾಡಿಯಲ್ಲಿ ಹಚ್ಚಿದ. ಮನೆಯ ಫ್ಯೂಸ್ ಹಾರಿತು. ಚಂದಪ್ಪನಿಗೆ ಫ್ಯೂಸ್ ಎಂದರೆ ಒಂದು ಅಡ್ಡಬಾಯಿ ಅಷ್ಟೇ. ಅದಕ್ಕೆ ಬೆರಳು ಗಾತ್ರದ ತಂತಿ ಸುತ್ತಿ, "ಈಗ ಹೆಂಗ ಹೋಗ್ತಿ ನೋಡೂಣು" ಅಂದ.

ಫ್ಯೂಸ್ ಹೋಗಲಿಲ್ಲ. ಅದರ ಬದಲು ವೈರ್ ಕರಗಿತು. ಎರಡು ತಂತಿ ಒಂದನ್ನೊಂದು ಅಪ್ಪಿಕೊಂಡವು. ಮೂಲೆಯ ಕಂಬದ ಮೇಲೆ ದೀಪಾವಳಿ ಆಯಿತು. ಓಣಿಗೆ ಓಣಿಯೇ ಕರೆಂಟ್ ಕಳೆದುಕೊಂಡಿತು.

ಕಲ್ಮೇಶ ತಿರುಗಿ ಬರುವಷ್ಟರಲ್ಲಿ ಗಾಡಿಯ ಸುತ್ತ ಊರು ನೆರೆದಿತ್ತು. ಗಿರಣಿಯಲ್ಲಿ ಅರ್ಧ ಬೀಸಿದ ಜೋಳದ ಬುಟ್ಟಿ ಹಿಡಿದವರು, ಅರ್ಧ ಕತ್ತರಿಸಿದ ತಲೆಯೊಂದಿಗೆ ಹಜಾಮತಿ ಅಂಗಡಿಯಿಂದ ಎದ್ದು ಬಂದವನು, ಧಾರಾವಾಹಿಯ ನಡುವೆ ಟಿವಿ ಆರಿದ್ದಕ್ಕೆ ಕಣ್ಣು ಕೆಂಪಾದವರು. ಅವರ ನಡುವೆ ಚಂದಪ್ಪ ನಿಂತು ತನಿಖೆ ನಡೆಸುತ್ತಿದ್ದ.

"ನಾ ಬೆಳಿಗ್ಗೆನ ಹೇಳೇನಿ. ನೂರು ವ್ಯಾಟ್, ನೂರು ವ್ಯಾಟ್ ಅಂತ ಹಟ ಮಾಡಿದ್ರ ಹಿಂಗ ಆಗ್ತೈತಿ."

ಕಲ್ಮೇಶ ಕರಗಿದ ವೈರನ್ನು ನೋಡಿದ, ಹೀಟರನ್ನು ನೋಡಿದ, ಚಂದಪ್ಪನನ್ನು ನೋಡಿದ. ಹೇಳಬೇಕಾದ ಮಾತು ಬಹಳ ಇದ್ದವು. ಅವು ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಅಲ್ಲೇ ಸಿಕ್ಕಿಬಿದ್ದವು.

"ಈಗಿನ ಲೈನ್‌ಮನ್ ಮೂರಕ್ಕ ಬರ್ತಾನಂತ" ಎಂದು ಯಾರೋ ಹೇಳಿದರು. ಆಗ ಇನ್ನೊಬ್ಬರಿಗೆ ನೆನಪಾಯಿತು. ಗಾಡಿಗೆ ಸ್ವಂತ ಬ್ಯಾಟರಿ ಇದೆ, ಮೇಲೆ ಸೋಲಾರ್ ಇದೆ. ಓಣಿಯಲ್ಲಿ ಈಗ ಕರೆಂಟ್ ಇರುವ ಒಂದೇ ಮನೆ ಅದು.

"ಮಾಸ್ತರ, ಮೊಬೈಲ್ ಚಾರ್ಜಿಗೆ ಹಚ್ಚಲ್ರಿ? ಹತ್ತ ಮಿನಿಟ್."

ಹತ್ತು ಮಿನಿಟಿನ ಹದಿನಾಲ್ಕು ಮೊಬೈಲುಗಳು ಸಾಲಾಗಿ ಕೂತವು. ಅವುಗಳ ಯಜಮಾನರು ಕಾಯುತ್ತ ಒಳಗೆ ಕೂತರು. ಒಳಗೆ ಬೆಚ್ಚಗಿದ್ದುದರಿಂದ ಯಾರೂ ಏಳಲಿಲ್ಲ. ಯಾರೋ ಚಹಾ ತಂದರು. ಅರ್ಧ ತಲೆಯವನು ಕನ್ನಡಿ ಸಿಗುತ್ತದೇನು ಎಂದು ಹುಡುಕಿದ. ಕಲ್ಮೇಶ ಬ್ಯಾಟರಿಯ ಮಾಪಕ ನೋಡುತ್ತ ಮೂಲೆಯಲ್ಲಿ ನಿಂತಿದ್ದ. ತೊಂಬತ್ತು, ಎಂಬತ್ತೆರಡು, ಎಪ್ಪತ್ತೊಂದು. ಪರೀಕ್ಷೆಯಲ್ಲಿ ತನ್ನ ಮಗನ ಅಂಕ ಇಳಿಯುವುದನ್ನು ನೋಡುವ ತಂದೆಯ ಮುಖ ಅವನದಾಗಿತ್ತು. ಎಲ್ಲರೂ ಎದ್ದು ಹೋಗ್ರಿ ಎಂದರೆ ಸಾಕಿತ್ತು. ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ಯಾರಾದರೂ "ಏನ್ರೀ ಮಾಸ್ತರ, ಚಾ ಬೇಕೇನ್ರಿ?" ಎಂದರು.

"ಸರ, ನೀವು ಒಂದ್ಸಲ ಜೋರ ಮಾಡ್ರಲಾ" ಅಂದ ನಮಾಜಿನಿಂದ ಬಂದ ಅಫ್ತಾಬ.

"ಹೆಂಗ ಅನ್ನೂದು ಅಫ್ತಾಬ, ಎಲ್ಲಾರೂ ಕೌದಿ ಕೊಟ್ಟಾರ."

ಕೌದಿಯ ಋಣ ಎಂಬುದು ನಿಜಕ್ಕೂ ಇತ್ತು.

ಮೂರಕ್ಕೆ ಬರಬೇಕಾದ ಲೈನ್‌ಮನ್ ಮೂರೂವರೆಗೆ ಬಂದ. ಕರೆಂಟು ಬಂತು. ಜನ ಒಬ್ಬೊಬ್ಬರಾಗಿ ಎದ್ದರು. ಬ್ಯಾಟರಿ ಐವತ್ತೆಂಟಕ್ಕೆ ಇಳಿದಿತ್ತು. ಮನೆಯಿಂದ ಸರಿಯಾದ ವೈರ್ ಎಳೆದು ಅದನ್ನು ಚಾರ್ಜಿಗೆ ಹಚ್ಚಿದ್ದಾಯಿತು. ಅಫ್ತಾಬ ಗೋಡೆಯ ನಲವತ್ತನ್ನೂ ಜೋಡಿಸಿ, ಮೊಟ್ಟೆಯ ಯಂತ್ರದ ಗುಂಡಿಯನ್ನು ಇಪ್ಪತ್ತಾರಕ್ಕೆ ತಿರುಗಿಸಿದ. "ಇನ್ನ ಎರಡು ತಾಸು ಬಾಗಲಾ ಯಾರೂ ತಗೀಬಾರ್ದು" ಎಂದು ಹೇಳಿ, ಎಷ್ಟು ಕೊಡಬೇಕು ಎಂದರೆ "ಮೊದಲ ಬೆಚ್ಚಗಾಗಲಿ ತಗೋರಿ ಸರ" ಎಂದು ಹೊರಟುಹೋದ.

ಬಾಗಿಲು ಮುಚ್ಚಿ ಕಲ್ಮೇಶ ಮನೆಯ ಕಟ್ಟೆಯ ಮೇಲೆ ಕೂತ. ನಾಲ್ಕೂವರೆಗೆ ದೊಡ್ಡ ಡಾಕ್ಟರ ಫೋನ್ ಬಂತು.

"ನಿಮ್ಮ ಬಾಯಾರ ರಜಾ ಮಂಜೂರಾತು ನೋಡ್ರಿ. ನಾಳಿಂದ ಹತ್ತು ದಿನ. ಈಗ ಹೇಳಿ ಕಳಸ್ತೇನಿ."

"ಯಾಕಂತ ಕೇಳಿದ್ರ, ಸರ?"

"ಹೇಳೂದಿಲ್ಲ ಬಿಡ್ರಿ. ನಕ್ಕು ಬಿಡ್ತೇನಿ. ಸಂತೋಷದ ಸುದ್ದಿ ಗಂಡನ ಬಾಯಿಂದ ಕೇಳಿದ್ರ ಚಂದ."

ಕಲ್ಮೇಶನಿಗೆ ಎದೆ ಹಗುರಾಯಿತು. ಬಿಸಿಲು ಇಳಿಯುತ್ತಿತ್ತು. ಬಯಲಿನ ಗಾಳಿ ಮತ್ತೆ ಮೊಣಕಾಲು ಹುಡುಕಿಕೊಂಡು ಹೊರಟಿತ್ತು. ಕಟ್ಟೆಯ ಮೇಲೆ ಕೂತು ಅವನು ಆ ಆರು ಪದಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಮತ್ತೆ ಜಾಗದಲ್ಲಿಟ್ಟ. ಅವಳು ಮೊದಲು ನಂಬುವುದಿಲ್ಲ. ಆಮೇಲೆ ಏನನ್ನಾದರೂ ಹುಡುಕುವವಳಂತೆ ಅತ್ತ ತಿರುಗುತ್ತಾಳೆ. ಅಳು ಬಂದಾಗ ಅವಳು ಹಾಗೆ ಮಾಡುವುದು. ತಾನು ಆಗ ಏನೂ ಅನ್ನಬಾರದು.

ಆರಕ್ಕೆ ಹತ್ತು ಮಿನಿಟಿದ್ದಾಗ ತಡೆಯಲಾರದೆ ಬಾಗಿಲು ತೆರೆದ. ಬೆಚ್ಚಗಿನ ಗಾಳಿ ಹಸಿದ ಕರುವಿನ ಮೂತಿಯ ಹಾಗೆ ಬಂದು ಮುಖಕ್ಕೆ ತಾಗಿತು. ಉಷ್ಣಮಾಪಕ ನೋಡಿದ. ಇಪ್ಪತ್ತಾರು! ಹೊರಗೆ ಹದಿನೇಳು, ಒಳಗೆ ಇಪ್ಪತ್ತಾರು, ಖರ್ಚು ನೂರು ವ್ಯಾಟ್. ಗಡಿಗೆಯಲ್ಲಿ ಮೊಸರು ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ದೋಸೆ ಹಿಟ್ಟು ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ಮಡಕಿ ಕಾಳು ಬಟ್ಟೆ ಸೀಳಿ ಬಾಲ ತೋರಿಸಿತ್ತು. ಇವುಗಳ ಆಚೆ, ಮಂಚಕ್ಕೂ ಗೋಡೆಗೂ ನಡುವೆ ಕೌದಿ ಹೊದ್ದು, ಎರಡು ತಾಸಿನಿಂದ ಯಾರಿಗೂ ಕಾಣದೆ ಚಂದಪ್ಪ ಗೊರಕೆ ಹೊಡೆಯುತ್ತಿದ್ದ.

"ಕಾಕಾ!"

ಚಂದಪ್ಪ ಎದ್ದ. ಕಾಲು ಮಡಚಿದ, ಚಾಚಿದ, ಮತ್ತೆ ಮಡಚಿದ. ಅವನ ಮುಖದಲ್ಲಿ ಮೂವತ್ತೈದು ವರ್ಷದ ನಂಬಿಕೆಯೊಂದು ಕದಲಿತು.

"ಮಾಸ್ತರ... ಮೊಣಕಾಲು ನೋಯಾಕತ್ತಿಲ್ಲ." ಕೌದಿ ಮಡಚುತ್ತ, "ಕಂಬದ ಮ್ಯಾಲಿನ ಮಂದೀಗೆ ಇದು ತಿಳೀಲಿಲ್ಲ ನೋಡ್ರಿ" ಎಂದ. ಸೋಲು ಒಪ್ಪಿಕೊಳ್ಳುವ ಅವನ ರೀತಿ ಅಷ್ಟೇ. ಗಡಿಗೆ, ಪಾತ್ರೆ, ಗಂಟುಗಳನ್ನು ಅವನೇ ಹೊತ್ತು ಮನೆಮನೆಗೆ ಮುಟ್ಟಿಸಿದ.

ಆಗಲೇ ಓಣಿಯ ಕೊನೆಯಲ್ಲಿ ಆಟೋ ನಿಂತಿತು. ವಿದ್ಯಾವತಿ ಇಳಿದಳು. ಕೈಹಿಡಿದು ಮಾಲಾಳನ್ನು ಇಳಿಸಿಕೊಂಡಳು. ದವಾಖಾನೆಯಿಂದ ಬಿಟ್ಟಿದ್ದರು. ಬಟ್ಟೆಯಲ್ಲಿ ಸುತ್ತಿದ ಅಂಗೈ ಉದ್ದದ ಕೂಸು ಶೇವಂತೆವ್ವನ ತೋಳಿನಲ್ಲಿತ್ತು. ಮೂವರೂ ತಗಡಿನ ಮನೆಯೊಳಗೆ ಹೋದರು. ಐದು ಮಿನಿಟಿನಲ್ಲಿ ಒಳಗಿನಿಂದ ವಿದ್ಯಾವತಿಯ ಏರುದನಿ ಕೇಳಿತು. ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಕೆಮ್ಮುತ್ತ ಹೊರಗೆ ಬಂದಳು. ಬಾಣಂತಿಯ ಹೊರಸಿನ ಕೆಳಗೆ ಇಡಲು ಶೇವಂತೆವ್ವ ಮೊದಲೇ ಶೆಗಡಿಯಲ್ಲಿ ಕೆಂಡ ಹಾಕಿ, ಕಿಟಕಿ ಮುಚ್ಚಿ, ಕೋಣೆ ಸಿದ್ಧಮಾಡಿದ್ದಳು. ಹೊಗೆ ಆಳೆತ್ತರ ನಿಂತಿತ್ತು.

ಗಾಡಿಯ ಬಾಗಿಲಲ್ಲಿ ನಿಂತ ಗಂಡನನ್ನು ಕಂಡು ವಿದ್ಯಾವತಿ ಹತ್ತಿರ ಬಂದಳು. "ಮಧ್ಯಾಹ್ನ ಓಣಿ ಕರೆಂಟ್ ತಗದ್ರಂತ?"

"ನಾ ಅಲ್ಲ... ಒಳಗ ಬಾ. ಕುಂಡ್ರು."

ಅವಳು ಒಳಗೆ ಬಂದು ಹಾಸಿಗೆಯ ತುದಿಗೆ ಕೂತಳು. ಎರಡೂ ಅಂಗೈಗಳನ್ನು ಗಾದಿಯ ಮೇಲೆ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಅವಳ ಹೆಗಲು ನಿಧಾನವಾಗಿ ಸಡಿಲವಾದದ್ದನ್ನು ಕಲ್ಮೇಶ ನೋಡಿದ. ದೀಪಾವಳಿಯಿಂದ ಮೊದಲ ಸಲ ಅವಳು ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿದಳು. ಗೆದ್ದೆ ಎಂದುಕೊಂಡ.

"ವಿದ್ಯಾ—"

"ರೀ, ಈ ಕಾವು ಎಷ್ಟೊತ್ತು ಇರ್ತದ?"

"ರಾತ್ರೆಲ್ಲಾ."

"ಹೊಗಿ?"

"ಇಲ್ಲ."

"ಇನ್ನೂ ಹೆಚ್ಚ ಬಿಸಿ ಆದ್ರ?"

"ತಾನ ಬಂದ್ ಆಗ್ತದ."

"ಕರೆಂಟ್ ಹೋದ್ರ?"

"ಬ್ಯಾಟರಿ ಐತಿ. ಹತ್ತು ತಾಸು." ಬಾಯಿಮಾತಿನ ಪರೀಕ್ಷೆಯಲ್ಲಿ ಎಲ್ಲ ಉತ್ತರ ಗೊತ್ತಿರುವ ವಿದ್ಯಾರ್ಥಿಯ ಹಾಗೆ ಕಲ್ಮೇಶ ನಿಮಿರಿ ನಿಂತಿದ್ದ. ಮುಂದಿನ ಪ್ರಶ್ನೆ 'ಎಲ್ಲಿಗೆ?' ಎಂದೇ ಇರಬೇಕು. ಆರು ಪದಗಳೂ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದವು.

ವಿದ್ಯಾವತಿ ಏನೂ ಕೇಳಲಿಲ್ಲ. ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಏನನ್ನೋ ಹುಡುಕುವವಳಂತೆ ಅತ್ತ ತಿರುಗಿದಳು. ಎದ್ದು, ಕೆಳಗಿಳಿದು, ಓಣಿಯ ಕೊನೆಗೆ ನಡೆದಳು.

ಹೇಳುವ ಮೊದಲೇ ತಿಳಿದುಕೊಂಡಳೇ, ಹಾಗಿದ್ದರೆ ಬಟ್ಟೆ ತುಂಬಿಕೊಳ್ಳಲು ಯಾಕೆ ಅತ್ತ ಹೋದಳು ಎಂದು ಕಲ್ಮೇಶ ಯೋಚಿಸುತ್ತಿರುವಾಗಲೇ ಅವಳು ತಿರುಗಿ ಬಂದಳು. ಒಬ್ಬಳೇ ಅಲ್ಲ. ಹಿಂದೆ ಮಾಲಾ, ಅವಳ ಹಿಂದೆ ಕೂಸನ್ನು ಹಿಡಿದ ಶೇವಂತೆವ್ವ, ಅವರ ಹಿಂದೆ ಓಣಿ.

"ಹತ್ತವ್ವಾ ಮಾಲಾ, ಮೆಲ್ಲಕ. ಕೂಸಿನ್ನ ಎದಿ ಮ್ಯಾಲೆ ಹಾಕ್ಕೊಂಡು ಮಲಗು, ನಾ ತೋರಿಸಿದಂಗ. ಬೆಚ್ಚಗ ಆಗ್ತೈತಿ ನೋಡು."

ಮಾಲಾ ಮಲಗಿದಳು. ಎರಡು ಕಿಲೋ ತೂಗದ ಕೂಸು ತಾಯಿಯ ಎದೆಯ ಮೇಲೆ ಒಮ್ಮೆ ಮುಖ ಕಿವುಚಿ, ಅಳಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದು ನಿರ್ಧರಿಸಿ ಮಲಗಿಬಿಟ್ಟಿತು. ಹೊರಗೆ ನಿಂತ ಇಪ್ಪತ್ತು ಜನ ಒಂದೇ ಸಲ ಉಸಿರು ಬಿಟ್ಟರು.

ವಿದ್ಯಾವತಿ ಮೆಟ್ಟಿಲ ಮೇಲೆ ನಿಂತು ಓಣಿಯ ಕಡೆ ತಿರುಗಿದಳು. ಅವಳು ಜನರ ಮುಂದೆ ಹಾಗೆ ನಿಂತು ಮಾತಾಡಿದ್ದನ್ನು ಕಲ್ಮೇಶ ಕಂಡಿರಲಿಲ್ಲ.

"ಇಪ್ಪತ್ತು ವರ್ಷಾತು, ಹೊರಸಿನ ಬುಡಕ ಕೆಂಡಾ ಇಡಬ್ಯಾಡ್ರಿ, ಹೊಗಿ ಕೂಸಿಗೆ ಒಳ್ಳೇದಲ್ಲ ಅಂತ ಮನಿ ಮನಿಗೆ ಹೇಳಾಕತ್ತು. ಯಾರೂ ಕೇಳಲಿಲ್ಲ. ಕೇಳೂದರ ಹೆಂಗ? ಕೆಂಡಾ ತಗೀರಿ ಅಂತಿದ್ದೆ, ಅದರ ಜಾಗಾದಾಗ ಇಡಾಕ ನನ್ನ ಕೈಯಾಗ ಏನೂ ಇರ್ಲಿಲ್ಲ. ದಿನಾ ಮನಿಗೆ ಬಂದು ಇವರ ಮುಂದ ಗೊಣಗ್ತಿದ್ದೆ. ಇವರು ಹೂಂ ಅಂತಿದ್ರು. ಕೇಳೇ ಇಲ್ಲ ಅಂತ ತಿಳದಿದ್ದೆ." ಅವಳು ಗಾಡಿಯ ಬಾಗಿಲಿಗೆ ಅಂಗೈ ಹಚ್ಚಿದಳು. "ಎರಡು ವರ್ಷದಿಂದ ಒಂದು ಮಾತ ಆಡದ ಇದನ್ನ ಮಾಡ್ಯಾರ."

ಎರಡು ವರ್ಷದ ಒಗಟು ಬಿಡಿಸಿಕೊಂಡಿತ್ತು. ಖಾನಾವಳಿಯಲ್ಲ, ಚುನಾವಣೆಯಲ್ಲ. ಹೆಂಡತಿಯನ್ನು ಬಿಟ್ಟು ಹೋಗಲಿಕ್ಕಂತೂ ಅಲ್ಲವೇ ಅಲ್ಲ. ಚನ್ನವ್ವ ಮುಂದೆ ಬಂದು ಕಲ್ಮೇಶನ ಗಲ್ಲ ಹಿಡಿದು ನೆಟಿಕೆ ಮುರಿದಳು. "ಇಂಥಾ ಗಂಡಸು ಯಾರಿಗಿ ಸಿಗ್ತಾನವ್ವಾ!"

"ರಜಾದ್ದೂ ಈಗ ತಿಳೀತ್ರಿ" ಎಂದು ವಿದ್ಯಾವತಿ ದನಿ ತಗ್ಗಿಸಿ ಅವನೊಬ್ಬನಿಗೇ ಹೇಳಿದಳು. "ಸಾಹೇಬರು ಕರದು ನಾಳಿಂದ ಹತ್ತು ದಿನ ರಜಾ ಅಂದ್ರು. ನಾ ಕೇಳಿಲ್ಲಲ್ರೀ ಅಂದ್ರ, ನಿಮ್ಮ ಯಜಮಾನ್ರನ್ನ ಕೇಳ್ರಿ ಅಂತ ನಕ್ಕರು. ಈ ಕೂಸಿನ ಕಡೆ ನೋಡ್ಕೊಳ್ಳಾಕ ನಾ ಮನ್ಯಾಗ ಇರಲಿ ಅಂತ ಅದನ್ನೂ ಮಾಡಿಸೀರಿ, ಅಲ್ರೀ?"

ಕಲ್ಮೇಶ ಬಾಯಿ ತೆರೆದ.

"ಬಾಯಾರ," ಶೇವಂತೆವ್ವ ನಡುವೆ ಬಂದಳು, "ಎಷ್ಟ ದಿನಾ ಇಟ್ಕೋಬಹುದ್ರಿ? ನಮ್ಮ ಕಡೆ ಬಾಣಂತನ ಅಂದ್ರ ಮೂರ ತಿಂಗಳರೀ."

"ಮೂರು ತಿಂಗಳು ಇರಲಿ. ಗಾಡಿ ಎಲ್ಲಿ ಓಡಿ ಹೋಗ್ತದ?"

"ಆಮ್ಯಾಲೆ ನಮ್ಮ ಮೊಮ್ಮಗಳದು ಐತಿ," ಎಂದಳು ಚನ್ನವ್ವ ಥಟ್ಟನೆ. "ಇಂಡಿ ಊರಾಗ ಅದಾಳ, ಆರನೇ ತಿಂಗಳ. ಮೊದಲ ಹೇಳಿಟ್ಟೇನಿ ಮತ್ತ."

"ನಮ್ಮ ಅಣ್ಣನ ಮಗಳದೂ ಬರ್ಕೋರಿ, ಮೋರಟಗಿಯಾಕಿ" ಎಂಬ ದನಿ ಹಿಂದಿನಿಂದ ಬಂತು. ಚಂದಪ್ಪ ಆಗಲೇ ಗಾಡಿಯ ಬಾಗಿಲಿಗೆ ಅಡ್ಡ ನಿಂತು, ಒಬ್ಬೊಬ್ಬರನ್ನೇ ತಡೆಯುತ್ತಿದ್ದ. "ಗದ್ದಲಾ ಮಾಡಬ್ಯಾಡ್ರಿ. ಇದಕ್ಕ ಬರೇ ನೂರು ವ್ಯಾಟ್ ಸಾಕು. ನಾ ಬೆಳಿಗ್ಗೆನ ಹೇಳೇನಿ."

ಓಣಿ ಕರಗಿತು. ಬಾಗಿಲು ಮೆಲ್ಲಗೆ ಮುಚ್ಚಿತು. ಗಂಡ ಹೆಂಡತಿ ಇಬ್ಬರೇ ಕಟ್ಟೆಯ ಮೇಲೆ ಉಳಿದರು. ಮನೆಯಲ್ಲಿದ್ದ ಕೌದಿಗಳೂ ಗಾಡಿಯ ಗೋಡೆ ಸೇರಿದ್ದರಿಂದ ಹೊದೆಯಲು ಒಂದು ತೆಳ್ಳಗಿನ ಚಾದರ ಮಾತ್ರ ಇತ್ತು. ಅದನ್ನೇ ಇಬ್ಬರ ಹೆಗಲಿಗೂ ಎಳೆದುಕೊಂಡು ವಿದ್ಯಾವತಿ ಅವನಿಗೆ ಆತು ಕೂತಳು. ಗಾಳಿ ಜೋರಾಗಿತ್ತು. ಅವಳಿಗೆ ಥಂಡಿಯ ನೆನಪೇ ಇದ್ದಂತಿರಲಿಲ್ಲ. ಮೂರು ತಿಂಗಳೆಂದರೆ ಮಾರ್ಚ್ ಕೊನೆ, ಆಮೇಲೆ ಇಂಡಿಯವಳು, ಆಮೇಲೆ ಮೋರಟಗಿಯವಳು ಎಂದು ಕಲ್ಮೇಶ ಬೆರಳು ಮಡಚಿದ. ಅಷ್ಟರಲ್ಲಿ ಬೆಟ್ಟದ ಹಿಮವೆಲ್ಲ ಕರಗಿ ನೀರಾಗಿ ಎಲ್ಲೋ ಹರಿದು ಹೋಗಿರುತ್ತಿತ್ತು.

ಗಾಡಿಯೊಳಗೆ ಕೂಸು ಒಮ್ಮೆ ಸಣ್ಣಗೆ ಅತ್ತು ಸುಮ್ಮನಾಯಿತು.

"ದನಿ ಗಟ್ಟಿ ಐತ್ರಿ," ಎಂದಳು ವಿದ್ಯಾವತಿ, ಕಿವಿಗೊಟ್ಟು. "ನಿನ್ನೆ ಹಿಂಗ ಇರ್ಲಿಲ್ಲ. ಉಳೀತದ." ಚಾದರ ಸರಿಪಡಿಸುತ್ತ ಕೇಳಿದಳು. "ಮತ್ತ, ನನಗರ ಒಂದು ಮಾತು ಯಾಕ ಹೇಳಲಿಲ್ಲ ನೀವು?"

"ಸುಮ್ನ" ಅಂದ ಕಲ್ಮೇಶ.

ಅವಳು ನಕ್ಕಳು. ಅವನ ಕೈಯನ್ನು ಎರಡೂ ಅಂಗೈಗಳ ನಡುವೆ ತೆಗೆದುಕೊಂಡಳು. ಅದು ಬೆಚ್ಚಗಿತ್ತು.

ಅವಳಿಗೆ ಹಿಮ ತೋರಿಸಲೆಂದು ಆ ಗಾಡಿ ಮಾಡಿದ್ದು ಎಂಬುದನ್ನು ಕಲ್ಮೇಶ ಅಂದೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ.